ಫೋನಿನ ತಳದಲ್ಲಿ ಒಂದು ಹಿಡಿ

ಫೋನಿನ ಹಾಡನ್ನು ಕಂಪ್ಯೂಟರಿಗೆ ಹಾಕಿಕೊಂಡ ಮೇಲೂ ಅದು ಫೋನಿನಲ್ಲಿ ಹಾಗೇ ಇರುತ್ತದೆ ಎಂಬುದನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು, ಮಕ್ಕಳೇ. ನಗುತ್ತೀರಿ, ಗೊತ್ತು. ಬಿಂದಿಗೆಯ ನೀರನ್ನು ಹಂಡೆಗೆ ಸುರಿದರೆ ಬಿಂದಿಗೆ ಬರಿದು. ನನ್ನ ಕೈ ಕಲಿತದ್ದು ಇಷ್ಟೇ. ಹೆಪ್ಪು ನೆನಪಾಗಿದ್ದರೆ ಆಗಲೇ ಅರ್ಥವಾಗುತ್ತಿತ್ತೇನೋ. ಪಕ್ಕದ ಮನೆಗೆ ಒಂದು ಚಮಚ ಕೊಟ್ಟರೆ ಅಲ್ಲೂ ಗಡಿಗೆ ಮೊಸರು, ಇಲ್ಲೂ ಗಡಿಗೆ ಮೊಸರು. ಆದರೆ ಹೊಳೆಯುವ ಸಾಮಾನು ಎದುರಿಗಿಟ್ಟರೆ ಗೊತ್ತಿರುವುದೂ ಮರೆತುಹೋಗುತ್ತದೆ.

ನಿಮ್ಮಲ್ಲಿ ಕಿರಿಯವಳಾದ ಪುಟ್ಟಿಯ ನಾಮಕರಣದ ಹಿಂದಿನ ದಿನ. ನಮ್ಮ ವಂಶದಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಹಾಡುತ್ತಿದ್ದವರು ನನ್ನ ಓರಗಿತ್ತಿ ನಂಜಕ್ಕ. ಹಾಡಿಗೆ ನಾಲ್ಕು ನುಡಿ. ನಾಲ್ಕನೆಯದು ಮುಗಿದ ಮೇಲೆಯೇ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅದಿಲ್ಲದೆ ನಮ್ಮಲ್ಲಿ ಹೆಸರಿಡುವುದಿಲ್ಲ. ಆದರೆ ಗಂಟಲಿನ ಆಪರೇಷನ್ ಆಗಿ ಅಕ್ಕನಿಗೆ ಪಿಸುಮಾತಷ್ಟೇ ಉಳಿದಿತ್ತು. ಪುಣ್ಯಕ್ಕೆ, ನನ್ನ ಹಿರಿಸೊಸೆ ಗೀತಾ ಮೊದಲೇ ಒಂದೊಂದು ನುಡಿಯನ್ನೂ ಬೇರೆಬೇರೆಯಾಗಿ ತನ್ನ ಸ್ಮಾರ್ಟ್‌ಫೋನಿನಲ್ಲಿ ತುಂಬಿಕೊಂಡಿದ್ದಳು. ಫೋನಿನ ಬ್ಯಾಟರಿ ಹಪ್ಪಳದಂತೆ ಉಬ್ಬಿ, ಯಾವಾಗ ಆರಿಹೋಗುತ್ತದೋ ಹೇಳುವಂತಿರಲಿಲ್ಲ. ಅದಕ್ಕೇ ಹಾಡನ್ನು ಕಂಪ್ಯೂಟರಿಗೆ ಸಾಗಿಸುವ ಆತುರ.

ಗೀತಾ ವೈರು ಸಿಕ್ಕಿಸಿದಳು. ಪರದೆಯ ಮೇಲೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕಾಗದಗಳು ಹಾರತೊಡಗಿದವು. ಕೆಳಗಿನ ಹಸಿರು ಪಟ್ಟಿ ಇನ್ನೇನು ತುಂಬಬೇಕು, ನಂಜಕ್ಕನಿಗೆ ತಡೆಯಲಾಗಲಿಲ್ಲ. ಅವರ ತವರು ಆಂಧ್ರದ ಗಡಿಯ ನಂಗಲಿ. ಗಾಬರಿಯಾದರೆ ಬಾಯಿಗೆ ಬರುವುದು ತೆಲುಗೇ.

"ಅಂತಾ ತೀಯೊದ್ದೇ! ಎಲ್ಲಾ ತೆಗೀಬೇಡ ಕಣೇ!" ಎಂದು ಪಿಸುಗುಟ್ಟಿ ವೈರನ್ನು ಎಳೆದೇಬಿಟ್ಟರು. ಫೋನು ಕಪ್ಪಾಯಿತು, ಮತ್ತೆ ಸಿಕ್ಕಿಸಿದರೂ ಹತ್ತಲಿಲ್ಲ.

"ಅಯ್ಯೋ ದೊಡ್ಡತ್ತೆ, ಏನ್ ಮಾಡಿದ್ರಿ!"

"ಪೂರ್ತಿ ಬಳಿದುಬಿಡ್ತಿದ್ಯಲ್ಲೇ. ತಳದಾಗೆ ಒಂದು ಹಿಡಿನಾದ್ರೂ ಬಿಡಬೇಡ್ವಾ?"

"ಇದೇನ್ ರಾಗಿನಾ?" ಎಂದು ಗೀತಾ ತಲೆ ಹಿಡಿದು ಕೂತಳು.

ನಮ್ಮ ಮನೆಯಲ್ಲಿ ರಾಗಿ ಗುಡಾಣವನ್ನು ಯಾರೂ ಬಳಿದು ಖಾಲಿ ಮಾಡುವುದಿಲ್ಲ. ಒಂದು ಹಿಡಿ ತಳದಲ್ಲೇ ಉಳಿಯಬೇಕು, ಹೊಸ ರಾಗಿ ಬಂದು ಅದರ ಮೇಲೆ ಬೀಳಬೇಕು. ಅಕ್ಕ ಫೋನಿಗೂ ಅದೇ ಮರ್ಯಾದೆ ಕೊಟ್ಟರು. ಮೂರು ನುಡಿ ಕಂಪ್ಯೂಟರಿಗೆ ಬಂದಿದ್ದವು. ನಾಲ್ಕನೆಯದು ಸತ್ತ ಫೋನಿನ ಹೊಟ್ಟೆಯಲ್ಲಿ. ಮುಳಬಾಗಿಲಿನ ಅಂಗಡಿಯವನು ಹೊಸ ಬ್ಯಾಟರಿ ಕೋಲಾರದಿಂದ ಬರಬೇಕು, ನಾಳೆಗಾಗದು ಎಂದುಬಿಟ್ಟ.

ಮರುದಿನ ಮೂರು ನುಡಿ ಮುಗಿದು ಸ್ಪೀಕರು ಸುಮ್ಮನಾಯಿತು. ಸೋದರತ್ತೆ ಮಗುವಿನ ಕಿವಿಯ ಹತ್ತಿರ ಬಾಗಿಕೊಂಡೇ ಇದ್ದಾಳೆ. ಹೆಂಗಸರೆಲ್ಲ ಅಕ್ಕನ ಮುಖ ನೋಡಿದರು. ಅಕ್ಕ ನನ್ನನ್ನು ನೋಡಿದರು.

ನಿಮ್ಮ ತಾತ ಹೋದಮೇಲೆ ಶುಭಕಾರ್ಯಗಳಲ್ಲಿ ನಾನು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಯಾರೂ ಬರಬೇಡ ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಅಂದು ಅಕ್ಕ ಅಲ್ಲಿಗೇ ಬಂದು ಕೈ ಹಿಡಿದರು.

"ಇಷ್ಟು ವರ್ಷ ಒಳಗೇ ನಿಂತು ನನ್ನ ಜೊತೆ ಗುನುಗ್ತಿದ್ಯಲ್ಲೇ, ನಂಗೆ ಕೇಳಿಸ್ತಿರಲಿಲ್ಲ ಅನ್ಕೊಂಡ್ಯಾ? ಬಾರೇ ಈಚೆ."

ಹಾಡಿದೆ. ಶ್ರುತಿ ಅಟ್ಟಕ್ಕೆ ಏರಿತು, ಎರಡನೆಯ ಸಾಲಿಗೆ ಕೆಮ್ಮು ಬಂತು. ಆದರೂ ಮುಗಿಸಿದೆ. ಪುಟ್ಟಿಗೆ ಹೆಸರಾಯಿತು. ಗೀತಾ ಯಾರದೋ ಫೋನು ಇಸಕೊಂಡು ಅದನ್ನೂ ತುಂಬಿಕೊಂಡಿದ್ದಳು.

ಆಮೇಲೆ ಬ್ಯಾಟರಿ ಬಂತು; ಅಕ್ಕನ ನಾಲ್ಕನೆಯ ನುಡಿ ಒಂದಿಷ್ಟೂ ಕೆಡದೆ ಫೋನಿನಲ್ಲಿತ್ತು. ಅಕ್ಕನನ್ನು ಹಿತ್ತಲಿಗೆ ಕಳಿಸಿ ಗೀತಾ ಅದನ್ನೂ ಕಂಪ್ಯೂಟರಿಗೆ ಸಾಗಿಸಿದಳು. ಈಗ ಅಲ್ಲಿ ಎರಡು ನಾಲ್ಕನೆಯ ನುಡಿಗಳಿವೆ. ಅಕ್ಕನದು ಜೇನು. ಆದರೂ ಮಲಗಿಸುವಾಗ ಪುಟ್ಟಿ ಕೇಳುವುದು ಇನ್ನೊಂದನ್ನು: "ಅಜ್ಜಿ ಕೆಮ್ತಾಳಲ್ಲ, ಅದು ಹಾಕು."