ಕೋನಪ್ಪನ ಕೋವಿ ಪೆಟ್ಟಿಗೆ

ಪೆರೇಸಂದ್ರದಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ ನಾನು ಹದಿನಾಲ್ಕು ವರ್ಷ ಮೇಷ್ಟ್ರಾಗಿದ್ದೆ. ಊರಿನ ಹೆಸರು ಬೇಡ. ಸರ್ಕಾರದ ಮಾತನ್ನು ಅಕ್ಷರಶಃ ನಂಬಿದ ಮನುಷ್ಯ ಅಲ್ಲಿ ಒಬ್ಬನೇ ಇದ್ದ, ಕೋನಪ್ಪ. ಅವನ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಆ ಊರಿನಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯಬಲ್ಲವನು ಹೆಚ್ಚುಕಡಿಮೆ ನಾನೊಬ್ಬನೇ ಆಗಿದ್ದೆ.

ಅವನ ಅಕ್ಕ ಅಕ್ಕಯಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದಿದ್ದವಳು. ಐವತ್ತೊಂದನೇ ಇಸವಿಯ ಯುಗಾದಿಗೆ ಮುಂಚೆ ಪಟೇಲ್ ಬಯ್ಯಪ್ಪನವರ ಮನೆಗೆ ಸುಣ್ಣ ಬಳಿಯಲು ಹೋದಳು. ನಡುಮನೆಯ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಪಟೇಲರ ಜೋಡುನಳಿಗೆ ಕೋವಿ, ಕೋವಿಯೊಳಗೆ ಯಾವತ್ತೋ ತುಂಬಿ ಮರೆತಿದ್ದ ತೋಟಾ. ಸುಣ್ಣದ ಕುಂಚ ತಗುಲಿ ಕೋವಿ ಕೆಳಗೆ ಬಿತ್ತು, ಬಿದ್ದದ್ದೇ ಹಾರಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸಾಗಿಸುವಾಗ ಗಾಡಿಯಲ್ಲೇ ಅಕ್ಕಯಮ್ಮನ ಪ್ರಾಣ ಹೋಯಿತು. “ಅವಳ ಹಣೇಲಿ ಬರ್ದಿತ್ತು” ಎಂದರು ಪಟೇಲರು. ಪೊಲೀಸರೂ ಅದನ್ನೇ ಬೇರೆ ಮಾತಿನಲ್ಲಿ ಬರೆದುಕೊಂಡು ಹೋದರು. ತಿಥಿ ಮುಗಿಯುವ ಹೊತ್ತಿಗೆ ಕೋವಿ ಮತ್ತೆ ಅದೇ ಮೊಳೆಯಲ್ಲಿ ತೂಗುತ್ತಿತ್ತು.

ಆರು ವರ್ಷದ ಮೇಲೆ ಕೋನಪ್ಪನಿಗೇ ಕೋವಿ ಬೇಕಾಯಿತು. ಬೆಟ್ಟದ ತಪ್ಪಲಿನಲ್ಲಿ ಅವನದು ಒಂದೂವರೆ ಎಕರೆ, ಎತ್ತು ಹೂಡಿ ಸೇದುವ ಕಪಿಲೆ ಬಾವಿಯ ನೀರು, ಆಲೂಗಡ್ಡೆ ಬೆಳೆ. ಗೆಡ್ಡೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿದು ಹೊಲವನ್ನು ಉತ್ತು ಹಾಕಿದಂತೆ ಮಾಡಿ ಹೋಗುತ್ತಿದ್ದವು. ಅರ್ಜಿ ಬರೆದುಕೊಟ್ಟವನು ನಾನೇ. ಬೆಳೆ ಕಾಯಲು, ಮದ್ದು ತುಂಬಿ ಕೇಪು ಸಿಕ್ಕಿಸಿ ಹಾರಿಸುವ ಒಂದು ಕೇಪಿನ ಕೋವಿಗೆ ಲೈಸೆನ್ಸ್ ಬಂತು. ಅದರ ಜೊತೆಗಿದ್ದ ಷರತ್ತುಗಳನ್ನು ಕೋನಪ್ಪ ನನ್ನ ಕೈಲಿ ಮೂರು ಸಲ ಓದಿಸಿದ. ಕೋವಿ ಬೀಗದಲ್ಲಿರಬೇಕು, ಮದ್ದು ಬೇರೆ ಕಡೆ ಇರಬೇಕು, ಅಧಿಕಾರಿಗಳು ಬಂದಾಗ ತೋರಿಸಬೇಕು. ಅಷ್ಟೂ ಅವನಿಗೆ ಬಾಯಿಪಾಠವಾಯಿತು.

ಪೆರೇಸಂದ್ರದ ಬಡಗಿಯ ಕೈಲಿ ಹೊನ್ನೆ ಮರದ ಪೆಟ್ಟಿಗೆ ಮಾಡಿಸಿದ. ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಜಡಿಸಿದ. ಕೀಲಿ ಅವನ ಉಡಿದಾರದಲ್ಲಿ, ಮದ್ದು ಅಟ್ಟದ ಮೇಲೆ, ಕೇಪುಗಳು ಹೆಂಡತಿ ಚಿಕ್ಕವೆಂಕಟಮ್ಮನ ಹತ್ತಿರ ನಶ್ಯದ ಡಬ್ಬಿಯಲ್ಲಿ. ಹಂದಿ ಹೊಡೆಯಬೇಕೆಂದರೆ ಗಂಡ ಹೆಂಡತಿ ಇಬ್ಬರೂ ಎದ್ದು ಮೂರು ಕಡೆ ಹುಡುಕಬೇಕಿತ್ತು. ಊರಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ವರ್ಷ ವರ್ಷ ಲೈಸೆನ್ಸ್ ನವೀಕರಣದ ಅರ್ಜಿ ಬರೆಸಲು ನನ್ನನ್ನು ಮನೆಗೆ ಕರೆಯುತ್ತಿದ್ದ. ಬರೆದು ಮುಗಿಸಿದ ಮೇಲೆ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಬೀಗ ತೆಗೆಯುತ್ತಿದ್ದ.

“ಒಂದ್ಸಲ ನೋಡ್ಬಿಡಿ ಮೇಷ್ಟ್ರೇ. ನಾಳೆ ಯಾರಾನ ಕೇಳಿದ್ರೆ, ನೋಡಿದೀನಿ ಅನ್ನಕ್ಕೆ ಒಬ್ರು ಬೇಕಲ್ಲ.”

ಹೀಗೆ ಐದು ವರ್ಷ ನೋಡಿದ್ದೇನೆ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಪಾರಾಗುತ್ತಿದ್ದನೋ ಏನೋ. ಆದರೆ ಅಕ್ಕನನ್ನು ಕಳೆದುಕೊಂಡ ಸಂಕಟ ಸುಮ್ಮನಿರಲು ಬಿಡಬೇಕಲ್ಲ. ಚಾವಡಿಯಲ್ಲಿ ಹತ್ತು ಜನ ಕೂತಿದ್ದಾಗ, ಪಟೇಲರ ಎದುರಿಗೇ ಹೇಳಿಬಿಡುತ್ತಿದ್ದ: “ನಮ್ಮನೇಲಿ ತುಪಾಕಿ ಮೊಳೇಲಿ ತೂಗಲ್ಲಪ್ಪ.” ಪಟೇಲರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳದವರಂತೆ ಇರುತ್ತಿದ್ದರು. ಅವರು ಕೇಳದಂತೆ ಇದ್ದರೆ ಚೆನ್ನಾಗಿ ಕೇಳಿಸಿಕೊಂಡಿದ್ದಾರೆ ಎಂದೇ ಅರ್ಥ.

ಅರವತ್ತೆರಡರ ಅಕ್ಟೋಬರಿನಲ್ಲಿ ಆಯುಧಗಳ ಹೊಸ ಕಾಯಿದೆ ಜಾರಿಗೆ ಬಂತು. ಕೋವಿ ಇರುವ ಮನೆಗಳನ್ನೆಲ್ಲ ನೋಡಿ ವರದಿ ಕೊಡಬೇಕೆಂದು ದಫೇದಾರನೊಬ್ಬನಿಗೆ ಅಪ್ಪಣೆಯಾಗಿತ್ತಂತೆ. ಅವನು ನಮ್ಮೂರಿಗೆ ಬಂದದ್ದು ಆಯುಧಪೂಜೆಯ ದಿನ ಮಧ್ಯಾಹ್ನ. ಅವನ ಸೈಕಲ್ಲಿಗೂ ಚೆಂಡುಹೂವಿನ ಹಾರ ಹಾಕಿತ್ತು. ಮೊದಲು ಪಟೇಲರ ಮನೆಯಲ್ಲಿ ಆ ಮೊಳೆಯ ಕೆಳಗೇ ಕೂತು ಹೋಳಿಗೆ ಉಂಡ, ‘ಸರಿಯಾಗಿದೆ’ ಎಂದು ಬರೆದುಕೊಂಡ. ಆಮೇಲೆ ಪಟೇಲರು ನನಗೆ ಹೇಳಿಕಳಿಸಿದರು: ಮಹಜರಿಗೆ ಪಂಚರು ಬೇಕು, ಮೇಷ್ಟ್ರು ಬರಲಿ.

ಕೋನಪ್ಪನ ನಡುಮನೆಯಲ್ಲಿ ನೊಗ, ನೇಗಿಲು, ಮಚ್ಚು, ಕುಡುಗೋಲುಗಳನ್ನು ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚಿದ್ದರು. ಅವುಗಳ ನಡುವೆ ಕೋವಿಯೂ ಮಲಗಿತ್ತು. ಗೋಡೆಯ ಪೆಟ್ಟಿಗೆ ಬಾಯಿ ತೆರೆದುಕೊಂಡು ಬರಿದಾಗಿತ್ತು.

“ದಿನಾ ಬೀಗದಲ್ಲೇ ಇರ್ತದೆ ಸಾಮಿ,” ಎಂದ ಕೋನಪ್ಪ. “ಇವತ್ತು ಪೂಜೆಗಿಟ್ಟಿದ್ದು. ನಾಳೆ ಬೆಳಿಗ್ಗೆ ಪೂಜೆ ಕದಲಿಸಾವರ್ಗೂ ಮುಟ್ಟಂಗಿಲ್ಲ. ಮದ್ದು ಇಲ್ಲ, ಕೇಪಿಲ್ಲ, ಬರೀ ಕಬ್ಬಿಣ. ನೋಡ್ಕಳಿ.”

“ಕಾಯಿದೇಲಿ ಹಬ್ಬ ಅಂತ ಬರ್ದಿಲ್ಲ ಕಣಯ್ಯ,” ಎಂದ ದಫೇದಾರ. ಚಿಕ್ಕವೆಂಕಟಮ್ಮ “ಅಯ್ಯೋ ಎತ್ತಬ್ಯಾಡಿ ಸಾಮಿ” ಎಂದು ಕೂಗಿದರೂ ಕೇಳದೆ ಸಾಲಿನ ನಡುವಿನಿಂದ ಕೋವಿಯನ್ನು ಎತ್ತಿಕೊಂಡ. ಕೋವಿ ಬೀಗದ ಹೊರಗೆ ಸಿಕ್ಕಿತು ಎಂಬ ಮಹಜರಿಗೆ ನಾನು ರುಜು ಹಾಕಿದೆ. ಅದರಲ್ಲಿ ಬರೆದದ್ದೆಲ್ಲ ನಿಜವೇ ಆಗಿತ್ತು ಎಂದು ಆಗ ಸಮಾಧಾನ ಮಾಡಿಕೊಂಡೆ.

ತಿಂಗಳ ಮೇಲೆ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ವಿಚಾರಣೆ. ಅದರ ಹಿಂದಿನ ದಿನ ಪಟೇಲರು ಶಾಲೆಯ ಹತ್ತಿರ ಬಂದರು. ಶಾಲೆ ನಡೆಯುತ್ತಿದ್ದದ್ದು ಅವರ ಚಾವಡಿಯಲ್ಲಿ, ನಾನಿದ್ದದ್ದು ಅವರು ಬಿಟ್ಟುಕೊಟ್ಟಿದ್ದ ಮನೆಯಲ್ಲಿ. “ನಿಮ್ಮನ್ನ ಗಡಿ ಕಡೆ ವರ್ಗ ಮಾಡೋ ಮಾತೈತಂತೆ ಮೇಷ್ಟ್ರೇ. ನನ್ನ ಕೇಳಿದ್ರು. ನಾನಿನ್ನೂ ಏನೂ ಹೇಳಿಲ್ಲ,” ಎಂದು ಹೇಳಿ ಹೋದರು. ನನ್ನ ಹೆಂಡತಿ ಕನಕಲಕ್ಷ್ಮಿಗೆ ಆಗ ಏಳು ತಿಂಗಳು. ಇದು ಕಾರಣ ಅಷ್ಟೇ. ಇದರಿಂದ ನಾನು ಮಾಡಿದ್ದು ಸರಿಯಾಗುವುದಿಲ್ಲ.

ವಿಚಾರಣೆ ಮಾಡಿದ ಅಧಿಕಾರಿ ಒಳ್ಳೆಯ ಮನುಷ್ಯ. ಕಾಗದಗಳನ್ನು ಬದಿಗಿಟ್ಟು ಕೇಳಿದರು: “ಹಬ್ಬದ ದಿನ ಬಿಡಿ. ನಮ್ಮನೇಲೂ ಪೂಜೆ ಮಾಡ್ತೀವಿ. ಮಿಕ್ಕ ದಿನ ಪೆಟ್ಟಿಗೇಲಿ ಇಡ್ತಿದ್ದ ಅನ್ನೋದನ್ನ ಯಾರಾದ್ರೂ ನೋಡಿದಾರಾ? ಒಬ್ರು ಹೇಳಿದ್ರೂ ಸಾಕು, ಎಚ್ಚರಿಕೆ ಕೊಟ್ಟು ವಾಪಸ್ ಕೊಡ್ತೀನಿ.”

ಕೋನಪ್ಪ ನನ್ನ ಕಡೆ ತಿರುಗಿ ನಕ್ಕ. ಇಂಥ ಸುಲಭದ ಪ್ರಶ್ನೆ ಕೇಳಿದರಲ್ಲ ಎಂಬ ನಗು ಅದು.

“ನಮ್ಮ ಮೇಷ್ಟ್ರು ನೋಡವ್ರೆ ಸಾಮಿ. ವರ್ಷ ವರ್ಷ ನೋಡವ್ರೆ.”

ಹಿಂದಿನ ಬೆಂಚಿನಲ್ಲಿ ಪಟೇಲರು ಕೆಮ್ಮಿದರು.

“ನಾನು ನೋಡಿಲ್ಲ ಸ್ವಾಮಿ,” ಎಂದೆ.

ಅಧಿಕಾರಿ ಬದಿಗಿಟ್ಟಿದ್ದ ಕಾಗದಗಳನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಕೋನಪ್ಪನಿಗೆ ಸಿಟ್ಟು ಬರಲಿಲ್ಲ. ನನಗೇ ಏನೋ ಆಗಿದೆ ಎಂದು ಅವನಿಗೆ ಗಾಬರಿ. “ಮೇಷ್ಟ್ರಿಗೆ ಮರ್ತೋಗಿರ್ಬೇಕು ಸಾಮಿ, ಅವ್ರಿಗೆ ಮಕ್ಕಳ ಕಾಟ ಜಾಸ್ತಿ,” ಎಂದು ನನ್ನ ಪರವಾಗಿ ಅವನೇ ಹೇಳಿದ. ಲೈಸೆನ್ಸ್ ರದ್ದಾಯಿತು. ಕೋವಿ ಸರ್ಕಾರದ ಪಾಲಾಯಿತು.

ನನಗೆ ವರ್ಗವಾಗಲಿಲ್ಲ.

ಆ ಸಲದ ಆಲೂಗಡ್ಡೆಯನ್ನು ಕೋನಪ್ಪ ಸೀಮೆಎಣ್ಣೆ ಡಬ್ಬ ಬಡಿದು ಕಾದ, ಕವಣೆ ಬೀಸಿ ಕಾದ. ಡಬ್ಬದ ಸದ್ದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಒಂಟಿ ಹಂದಿಯೊಂದು ಪಾತಿಯ ನಡುವಿನಿಂದ ನುಗ್ಗಿ ಅವನ ತೊಡೆಯನ್ನು ಸೀಳಿತು. ಕೈಯಲ್ಲಿ ಒಂದು ಕೋಲಿತ್ತು, ಅಷ್ಟೇ. ಗಾಯ ಕೀವಾಗಿ, ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕಾಲು ಕತ್ತರಿಸಿದರು.

ಎರಡು ತಿಂಗಳ ನಂತರ ಮನೆಗೆ ಕರೆತಂದರು. ಊರೆಲ್ಲ ಹೋಗಿ ನೋಡಿಕೊಂಡು ಬಂತು, ಪಟೇಲರೂ ಹೋಗಿ ಬಂದರು. ಎಂಟು ದಿನ ತಡೆದು ಕೊನೆಗೆ ನಾನೂ ಹೋದೆ. ಕೋನಪ್ಪ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ. ಹೇಗಿದ್ದೀಯಪ್ಪ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಒಲೆಯ ಮುಂದಿದ್ದ ಚಿಕ್ಕವೆಂಕಟಮ್ಮ ಎದ್ದು ಬಂದಳು.

“ಅವತ್ತು ನೋಡಿಲ್ಲ ಅಂದ್ರಂತಲ್ಲ ಮೇಷ್ಟ್ರೇ,” ಎಂದಳು. ದನಿ ಏರಿಸಲಿಲ್ಲ. “ಇವತ್ತು ನೋಡಿ.”

ಬಗ್ಗಿ ಕಂಬಳಿಯನ್ನು ಪೂರ್ತಿ ಎಳೆದಳು.

“ಸುಮ್ನಿರೇ,” ಎಂದ ಕೋನಪ್ಪ. “ಮೇಷ್ಟ್ರು ನಿಂತೇ ಅವ್ರೆ. ಚಾಪೆ ಹಾಕು.”