ನಾನು ಬಿಚ್ಚಿದ ಹಸಿರು ವೈರು

ತಿಪಟೂರಿನ ನಮ್ಮ ಅಂಗಡಿಯಲ್ಲಿ ನಾನೂ ನನ್ನ ಗೆಳೆಯನೂ ಹದಿನಾರು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಕೆಲಸ ಮಾಡಿದೆವು. ಐಟಿಐಯಲ್ಲಿ ಒಟ್ಟಿಗೆ ಓದಿದವರು. ಕಾಯಿಪುಡಿ ಫ್ಯಾಕ್ಟರಿಗಳಲ್ಲಿ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್‌ಗಳು, ಎಣ್ಣೆ ಮಿಲ್ಲಿನ ಪ್ಯಾನೆಲ್‌ಗಳು, ಕೊಬ್ಬರಿ ತೂಗುವ ಯಂತ್ರಗಳು, ಕೆಟ್ಟದ್ದೆಲ್ಲ ನಮ್ಮಲ್ಲಿಗೆ ಬರುತ್ತಿತ್ತು. ಅವನದು ನಯವಾದ ಕೈ. ಸಾಸಿವೆ ಕಾಳಿನಷ್ಟು ಚಿಕ್ಕ ಭಾಗವನ್ನು ಬೋರ್ಡಿನಿಂದ ಕಿತ್ತು ಬೇರೆಯದನ್ನು ಬೆಸೆದರೆ, ಮೊದಲಿನಿಂದ ಇದ್ದದ್ದೇ ಅದು ಅನ್ನಬೇಕು. ಅಂಥ ಕೆಲಸ ಬಂದಾಗ ನಾನು ಸುಮ್ಮನೆ ಬೋರ್ಡನ್ನು ಅವನ ಕಡೆ ತಳ್ಳುತ್ತಿದ್ದೆ.

ನಮ್ಮ ಹಳೆಯ ಆಸಿಲೋಸ್ಕೋಪಿನ ಪರದೆ ಮಂಕಾಗುತ್ತ ಬಂದು ಒಂದು ದಿನ ಪೂರ್ತಿ ಕತ್ತಲಾಯಿತು. ವೋಲ್ಟೇಜು ಹೇಗೆ ಏರಿಳಿಯುತ್ತಿದೆ ಎಂದು ಗೆರೆ ಎಳೆದು ತೋರಿಸುವ ಯಂತ್ರ ಅದು. ಅದಿಲ್ಲದೆ ಡ್ರೈವ್ ರಿಪೇರಿ ಮಾಡುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಹೊಸದು ಬೇಕೆಂದು ಹೇಳಿಕಳಿಸಿದೆವು. ಬೆಂಗಳೂರಿನಿಂದ ಮಾರಾಟದವನೊಬ್ಬ ಬಂದು ಎರಡು ಸ್ಕೋಪುಗಳನ್ನು ಮೇಜಿನ ಮೇಲಿಟ್ಟ.

ಒಂದಕ್ಕೆ ಅಗಲವಾದ ಬಣ್ಣದ ಪರದೆ, ನಾಲ್ಕು ಚಾನೆಲ್, ಎಂಥ ವೇಗದ ಸಿಗ್ನಲ್ಲನ್ನೂ ಹಿಡಿಯುವ ತಾಕತ್ತು. ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು, ಬ್ಯಾಟರಿಯದು, ಎರಡೇ ಚಾನೆಲ್, ಪರದೆಯೂ ಚಿಕ್ಕದು. ಆದರೆ ಅದರ ಒಂದೊಂದು ಚಾನೆಲ್ಲೂ ಅರ್ತ್‌ನಿಂದ ಪ್ರತ್ಯೇಕ. ಅದರ ಪ್ರೋಬನ್ನು, ಅಂದರೆ ಅಳೆಯುವ ವೈರಿನ ತುದಿಯನ್ನು, ಕರೆಂಟಿರುವ ಜಾಗಕ್ಕೆ ಹಚ್ಚಿದರೂ ಹಿಡಿದವನ ಕೈಗೆ ಅಪಾಯವಿಲ್ಲ.

ಗೆಳೆಯ ಚಿಕ್ಕದನ್ನೇ ಎತ್ತಿಕೊಂಡ. "ನಾವೇನು ರೇಡಿಯೋ ರಿಪೇರಿಯೋರಲ್ಲ ಕಣ್ಲಾ. ದಿನಾ ಕೈ ಹಾಕೋದು ಮೂರು ಫೇಸಿಗೆ. ನಮಗೆ ಇದೇ ಸರಿ."

ನನ್ನ ಕಣ್ಣು ದೊಡ್ಡದರ ಮೇಲಿತ್ತು. ನಿಜ ಹೇಳಬೇಕೆಂದರೆ ಆ ಪರದೆಯ ಚೆಂದಕ್ಕೆ ಮನಸೋತಿದ್ದೆ. "ದೊಡ್ಡದಕ್ಕೂ ಅಂಥ ಕೆಲಸಕ್ಕೇ ಬೇರೆ ಪ್ರೋಬ್ ಸಿಗ್ತದಂತೆ. ಆಮೇಲೆ ತರಿಸಿದ್ರಾಯ್ತು" ಅಂದೆ.

"ನಿನ್ನ ಆಮೇಲೆ ಯಾವತ್ತು ಬಂದದೆ ಬುಡು" ಎಂದು ನಕ್ಕ. ನನ್ನ ಮುಖ ನೋಡಿ ಒಪ್ಪಿದ. "ಆ ಪ್ರೋಬ್ ಬರೋಗಂಟ ಕರೆಂಟಿರೋ ಪ್ಯಾನೆಲ್‌ಗೆ ಇದನ್ನ ಹಚ್ಚಬ್ಯಾಡ. ಮಾತು ಕೊಡು."

ಕೊಟ್ಟೆ.

ದೊಡ್ಡ ಸ್ಕೋಪಿನ ಪ್ರೋಬಿನ ಕ್ಲಿಪ್ಪು ಒಳಗಿನಿಂದ ಅರ್ತ್‌ಗೆ ಸೇರಿರುತ್ತದೆ. ಡ್ರೈವ್ ಒಳಗೆ ಕಚ್ಚಿಸಿದರೆ ಢಮ್ಮೆಂದು ಶಾರ್ಟ್ ಆಗುತ್ತದೆ. ಅದನ್ನು ತಪ್ಪಿಸಲು ಒಂದು ಕೆಟ್ಟ ಉಪಾಯವಿದೆ: ಸ್ಕೋಪಿನ ಅರ್ತ್ ಸಂಪರ್ಕವನ್ನೇ ಕಡಿದುಬಿಡುವುದು. ಶಾರ್ಟ್ ಆಗುವುದಿಲ್ಲ, ಆದರೆ ಸ್ಕೋಪಿನ ಹೊರಗಿನ ಲೋಹಕ್ಕೆಲ್ಲ ಕರೆಂಟು ಬಂದು ನಿಲ್ಲುತ್ತದೆ. ನಾನು ಸ್ಕೋಪಿಗೆ ಕರೆಂಟು ಕೊಡುವ ನನ್ನ ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಚ್ಚಿ ಒಳಗಿದ್ದ ಹಸಿರು ಅರ್ತ್ ವೈರನ್ನು ತೆಗೆದು ಮತ್ತೆ ಮುಚ್ಚಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಹೇಳಲಿಲ್ಲ. ಎರಡು ಮೂರು ಕಡೆ ಹಾಗೆಯೇ ಕೆಲಸ ಮುಗಿಸಿದೆ. ಏನೂ ಆಗದ್ದರಿಂದ ಪ್ರೋಬ್ ತರಿಸುವ ಮಾತೂ ಹಿಂದೆ ಬಿತ್ತು.

ತುರುವೇಕೆರೆ ರಸ್ತೆಯ ಒಂದು ಕಾಯಿಪುಡಿ ಫ್ಯಾಕ್ಟರಿಯಲ್ಲಿ ಡ್ರೈವ್ ಕೆಟ್ಟಿತ್ತು. ಅದೇ ಬೋರ್ಡಿನಿಂದ ಸ್ಕೋಪು ಹಚ್ಚಿ, ಮೋಟಾರು ತಿರುಗುವ ಸದ್ದು ಕೇಳಲು ಅತ್ತ ಹೋಗಿದ್ದೆ. ನಾನು ಮರೆತು ಬಂದಿದ್ದ ಫ್ಯೂಸುಗಳನ್ನು ಕೊಡಲೆಂದು ಗೆಳೆಯ ಗಾಡಿಯಲ್ಲಿ ಬಂದ. ಪರದೆಯ ಮೇಲೆ ಗೆರೆ ಅಲುಗಾಡುವುದನ್ನು ಕಂಡು, ನಾನು ಆ ಬೇರೆ ಪ್ರೋಬು ತರಿಸಿರಬೇಕು, ಅದು ಸಡಿಲವಾಗಿದೆ ಅಂದುಕೊಂಡ. ಎಡಗೈಯಲ್ಲಿ ಪ್ಯಾನೆಲ್ಲಿನ ಕಬ್ಬಿಣದ ಬಾಗಿಲು ಹಿಡಿದು, ಬಲಗೈಯಿಂದ ಪ್ರೋಬು ಸ್ಕೋಪಿಗೆ ಸೇರುವ ಲೋಹದ ಕನೆಕ್ಟರ್ ತಿರುಗಿಸಲು ಹೋದ.

ಕೂಗು ಕೇಳಿ ತಿರುಗಿದೆ. ಅವನು ಬಿಡಿಸಿಕೊಳ್ಳಲಾರದೆ ನಿಂತಲ್ಲೇ ನಡುಗುತ್ತಿದ್ದ. ಓಡಿ ಮೇನ್ ಸ್ವಿಚ್ ಎಳೆದೆ.

ಜೀವ ಉಳಿಯಿತು. ಸುಟ್ಟ ಗಾಯವೂ ಮಾಗಿತು. ಬಲಗೈಯ ನರಗಳು ಮಾತ್ರ ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು ಹತ್ತಿಯಿಂದ ಒಂದೊಂದೇ ಬೆರಳನ್ನು ಸವರುತ್ತ "ಗೊತ್ತಾಗುತ್ತಾ?" ಎಂದು ಕೇಳುತ್ತಿದ್ದರು. ಅವನು ಕಿಟಕಿಯ ಕಡೆ ನೋಡುತ್ತ ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಹಸಿರು ವೈರಿನ ವಿಷಯವನ್ನು ಅವನ ಹೆಂಡತಿಗೆ ಅವತ್ತೇ ಹೇಳಿದೆ. ಆಕೆ ಬೈಯಲಿಲ್ಲ. "ಅವ್ರಿಗೆ ನೀವೇ ಹೇಳಿ ಅಣ್ಣ, ನನ್ ಕೈಲಾಗಲ್ಲ" ಎಂದಷ್ಟೇ ಅಂದಳು.

ಹೇಳಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ದೊಡ್ಡದನ್ನು ಮಾರಿ, ಅವನು ಅವತ್ತು ಎತ್ತಿಕೊಂಡಿದ್ದಂಥದ್ದೇ ಚಿಕ್ಕ ಸ್ಕೋಪು ತರಿಸಿದ್ದೆ. ಅದನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕನಾಯಕನಹಳ್ಳಿ ಕಡೆಯ ಅವನ ಊರಿಗೆ ಹೋದೆ. ತೋಟದ ಬದುವಿನ ಮೇಲೆ ಕೂತಿದ್ದ. ಎಲ್ಲ ಹೇಳಿದೆ.

"ಗೊತ್ತಿತ್ತು ಕಣ್ಲಾ. ಅರ್ತ್ ಇದ್ದಿದ್ರೆ ಹಂಗೆ ಹೊಡೀತಿರ್ಲಿಲ್ಲ. ಆಸ್ಪತ್ರೇಲೇ ಹೊಳೀತು." ಆಮೇಲೆ ಮೆಲ್ಲಗೆ ಅಂದ, "ಕೈ ಹೋಗಿದ್ದಕ್ಕಿಂತ, ನೀನು ನಂಗೆ ಹೇಳ್ದೆ ಮಾಡ್ದಲ್ಲ, ಅದು ನೋಯ್ತದೆ."

ನಾನು ಅತ್ತೆ. ಅವನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಲದಲ್ಲೇನು ಎಂದು ಕೇಳಿದ. ಸ್ಕೋಪನ್ನು ಎಡಗೈಗೆ ತಗೊಂಡು ಮಗುಚಿ ನೋಡಿದ. ಗುಂಡಿ ಒತ್ತಲು ಬಲಗೈ ತಂದ. ಬೆರಳು ಎಲ್ಲಿ ತಗುಲಿತೆಂದು ಅದಕ್ಕೇ ತಿಳಿಯದೆ ಪಕ್ಕಕ್ಕೆ ಜಾರಿತು. "ನೀನೇ ಆನ್ ಮಾಡು" ಅಂದ. ಮಾಡಿದೆ. ಖಾಲಿ ಪರದೆಯ ಮೇಲೆ ಒಂದು ನೇರ ಗೆರೆ ಬಂತು. ಇಬ್ಬರೂ ನೋಡಿದೆವು.

"ಅಂಗಡಿಗೆ ಬಾರೋ, ಸುಮ್ನೆ ಕೂತಿರು, ನೀನು ಹೇಳು, ನಾನು ಮಾಡ್ತೀನಿ" ಎಂದೆ.

"ಇಲ್ಲ ಕಣ್ಲಾ. ಆ ಮೇಜಿನ ಮುಂದೆ ಸುಮ್ನೆ ಕೂರಕ್ಕಾಗಲ್ಲ."

ಬಸ್ಸಿನವರೆಗೆ ಜೊತೆಯಲ್ಲಿ ಬಂದ. ಈಗ ಮೂರು ವರ್ಷವಾಯಿತು. ಆಗೀಗ ಅವನ ಊರಿಗೆ ಹೋಗುತ್ತೇನೆ. ಊಟ ಹಾಕುತ್ತಾರೆ, ಹಸು, ತೆಂಗು, ಮಕ್ಕಳ ಓದು ಎಲ್ಲ ಮಾತಾಡುತ್ತೇವೆ. ಕೆಲಸದ ವಿಷಯ ಅವನು ಕೇಳುವುದಿಲ್ಲ. ನಾನೂ ತೆಗೆಯುವುದಿಲ್ಲ.