ಹಿಂದಿನ ಸೀಟು ಮಡಿಸಿದ ಮೇಲೆ

ಕಾರುಗಳ ಸೀಟಿಗೆ ಕುಶನ್ ತುಂಬಿ ಹೊಲಿಯುವುದು ಆತನ ಕಸುಬು. ಬೀದಿಯವರೆಲ್ಲ ಸೀಟಣ್ಣ ಎಂದೇ ಕರೆಯುತ್ತಿದ್ದರು. ಒಮ್ಮೆ ಕೂತೆದ್ದರೆ ಸಾಕು, ಸ್ಪಂಜು ಎಲ್ಲಿ ಸತ್ತಿದೆ ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಊರಿನವರ ಬೆನ್ನು ಕಾದವನಿಗೆ ಸ್ವಂತ ಹೆಂಡತಿಯ ಬೆನ್ನು ಕೈಕೊಟ್ಟಾಗ ಏನೂ ತೋಚಲಿಲ್ಲ.

ಮೆಟ್ಟಿಲ ಮೇಲೆ ಜಾರಿ ಬಿದ್ದವಳು ಹೇಗೋ ಎದ್ದು ನಡೆಯುವಂತಾದಳು. ಆದರೆ ಹತ್ತು ನಿಮಿಷ ಕೂತರೆ ಪ್ರಾಣ ಬಾಯಿಗೆ ಬರುತ್ತಿತ್ತು. ಎರಡು ಗಂಟೆ ದಾರಿಯ ಅಕ್ಕನ ಮನೆ ಅವಳ ಪಾಲಿಗೆ ಚಂದ್ರಲೋಕವಾಯಿತು. ಅಕ್ಕನಿಗೋ ಮಂಡಿನೋವು, ಬಸ್ಸು ಹತ್ತುವಂತಿಲ್ಲ. ವರ್ಷವೊಂದು ಫೋನಿನಲ್ಲೇ ಕಳೆಯಿತು.

ಹೀಗಿರುವಾಗ ಅಂಗಡಿಗೆ ಒಂದು ಪುಟ್ಟ ಸ್ಟೇಷನ್ ವ್ಯಾಗನ್ ಕಾರು ಬಂತು. ನೋಡಲು ಮೋಟು. ಹಿಂದಿನ ಸೀಟು ಮಡಿಸಿದರೆ ಮಾತ್ರ ಹಿಂಬಾಗಿಲವರೆಗೂ ಒಂದೇ ಸಮ ಹಲಗೆ ಹಾಸಿದಂತೆ. ಸೀಟಣ್ಣ ಟೇಪು ಹಿಡಿದು ಅಳೆದ. ಹೆಂಡತಿಯ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚೇ ಇತ್ತು. ಅದರ ಒಡತಿಯನ್ನು ಒಪ್ಪಿಸಿ, ತನ್ನ ಹಳೆಯ ಕಾರನ್ನು ಮಾರಿ, ಅದನ್ನು ಮನೆಗೆ ತಂದ.

ಅಡಿಯಲ್ಲಿ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು, ಸೊಂಟದ ಜಾಗದಲ್ಲಿ ತುಸು ತಗ್ಗು. ಹಾಸಿಗೆ ಹೊಲಿದು, ಅವಳನ್ನು ಮಲಗಿಸಿ, ಬೀದಿಯಲ್ಲಿ ಒಂದು ಸುತ್ತು ಹೊಡೆದ.

"ಹೇಗಿದೆ?"

"ಬೆನ್ನಿಗೇನೋ ಹಾಯಾಗಿದೆ. ಆದ್ರೆ ರೀ, ಮನೇಲೂ ಸೂರು, ಇಲ್ಲೂ ಸೂರು. ಅದನ್ನ ನೋಡೋಕೆ ಪೆಟ್ರೋಲ್ ಬೇರೆ ಯಾಕೆ?"

ಅವನ ಮುಖ ಸಣ್ಣದಾಯಿತು. ಮರುದಿನ ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ತಾನೇ ಅದರಲ್ಲಿ ಅರ್ಧ ಗಂಟೆ ಮಲಗಿದ.

ಪಕ್ಕದಂಗಡಿಯ ಕ್ಷೌರಿಕ ಇಣುಕಿ, "ಏನ್ ಸೀಟಣ್ಣ, ಮನೆಯಿಂದ ಹೊರಗೆ ಹಾಕಿದ್ರಾ?" ಎಂದ.

"ಹೂಂ ಕಣಯ್ಯಾ. ಸುಮ್ನಿರು, ಲೆಕ್ಕ ತಪ್ಪುತ್ತೆ."

ಕಿಟಕಿಯ ಅಂಚು ಕಣ್ಣಿಗಿಂತ ಒಂದು ಗೇಣು ಮೇಲಿತ್ತು. ಸೊಂಟದಿಂದ ತಲೆಯವರೆಗೆ ಇಳಿಜಾರಾಗಿ ಏರುವ ದಿಂಬು ಹೊಲಿದ. ಬ್ರೇಕ್ ಹಾಕಿದಾಗ ಜಾರದಂತೆ ಅಗಲವಾದ ಬೆಲ್ಟುಗಳನ್ನೂ ಬಿಗಿದ.

ಆ ಭಾನುವಾರ ಹೊರಟರು. ಸೈಕಲ್ಲಿನವರೂ ಹಿಂದೆ ಹಾಕುವಷ್ಟು ನಿಧಾನ. ಹಿಂದಿನಿಂದ ಅವಳ ಮಾತು ನಿಲ್ಲಲೇ ಇಲ್ಲ. "ರೀ, ಮೂಲೆ ಮನೆಗೆ ನೀಲಿ ಬಣ್ಣ ಹೊಡೆಸಿದ್ದಾರೆ! ಅಯ್ಯೋ, ಆ ಮರ ಯಾವಾಗ ಕಡಿದ್ರು?" ವರ್ಷದ ಬಾಕಿಯನ್ನೆಲ್ಲ ಒಂದೇ ದಿನ ನೋಡಿ ಮುಗಿಸುವಂತಿದ್ದಳು. ಸೀಟಣ್ಣ ಎಲ್ಲಕ್ಕೂ ಹೂಂಗುಟ್ಟಿದ.

ಅಕ್ಕ ಕೋಲೂರಿಕೊಂಡು ಗೇಟಿಗೆ ಬಂದಳು. ಹಿಂಬಾಗಿಲು ಎತ್ತಿದಾಗ ತಂಗಿಯ ಪಾದಗಳೇ ಮೊದಲು ಕಂಡವು.

"ಏನ್ರೀ, ನನ್ನ ತಂಗೀನ ಪಾರ್ಸಲ್ ಮಾಡ್ಕೊಂಡು ಬಂದ್ರಾ?" ಎಂದು ನಗಲು ಹೋಗಿ ಅತ್ತೇಬಿಟ್ಟಳು. ಆಮೇಲೆ ಕೋಲು ಪಕ್ಕಕ್ಕಿಟ್ಟು, ಹಿಂಬಾಗಿಲ ತಗ್ಗಾದ ಅಂಚಿನ ಮೇಲೆ ಕೂತು, ಮೆಲ್ಲಗೆ ಒಳಗೆ ಸರಿದಳು. "ಜರುಗೇ ಸ್ವಲ್ಪ. ಚಿಕ್ಕೋಳಿದ್ದಾಗ್ಲೂ ನೀನೇ ಪೂರ್ತಿ ಹಾಸಿಗೆ ಹಿಡೀತಿದ್ದೆ."

ಸೀಟಣ್ಣ ಮನೆಯೊಳಗೆ ಹೋಗಿ ತಾನೇ ಚಹಾ ಕಾಯಿಸಿ ತಂದ. ಅಕ್ಕತಂಗಿಯರು ಗುಸುಗುಸು ನಿಲ್ಲಿಸಿ ಅವನತ್ತ ನೋಡಿದರು.

"ಇಲ್ಲಿಟ್ಟು ಆ ಕಡೆ ಹೋಗ್ರೀ, ನಾವೇನೋ ಮಾತಾಡ್ತಿದೀವಿ," ಎಂದಳು ಹೆಂಡತಿ.

ಅವನು ಲೋಟಗಳನ್ನು ಕೊಟ್ಟು ಗೇಟಿನ ಬಳಿ ಹೋಗಿ ನಿಂತ. ಕಾರಿನ ಕಿಟಕಿಯಲ್ಲಿ ಎರಡು ನರೆತ ತಲೆಗಳು ಒಂದಕ್ಕೊಂದು ತಾಗಿಕೊಂಡು ನಗುತ್ತಿದ್ದವು.